ಕಣಗಳ ಕಾಣದ ಜೊತೆಗಾರರು

ಕಳೆದುಹೋದ ವಸ್ತುವನ್ನು ಹುಡುಕುವುದು ಕಷ್ಟದ ಕೆಲಸ. ಆದರೂ ಅದು ಒಂದು ಕಾಲದಲ್ಲಿ ನಮ್ಮ ಕೈಯಲ್ಲಿದ್ದಿತೆಂಬ ಧೈರ್ಯವಾದರೂ ಹುಡುಕುವವನಿಗೆ ಇರುತ್ತದೆ. ಇದುವರೆಗೆ ಯಾರೂ ನೋಡದ, ಉಂಟೋ ಇಲ್ಲವೋ ಎಂಬುದೇ ನಿಶ್ಚಯವಾಗದ, ಇದ್ದರೂ ಯಾವ ಉಪಕರಣದಲ್ಲಿಯೂ ಗುರುತು ಮೂಡಿಸದೆ ಹಾದುಹೋಗುವಂತಹ ವಸ್ತುವನ್ನು ಹುಡುಕುವುದೆಂದರೆ ಹೇಗೆ? ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿ, ನೆಲದಿಂದ ಸುಮಾರು ೧೦೦ ಮೀಟರ್ ಆಳದಲ್ಲಿರುವ ಸುರಂಗವೊಂದರಲ್ಲಿ ೨೦೧೦ರಿಂದ ಇಂತಹ ಹುಡುಕಾಟ ನಡೆದಿದೆ. ಅಲ್ಲಿ ಹುಡುಕುತ್ತಿರುವುದು ‘ಅತಿಸಮಮಿತಿ’ ಅಥವಾ ಸೂಪರ್‌ಸಿಮೆಟ್ರಿ ಎಂಬ ಸಿದ್ಧಾಂತವು ಸೂಚಿಸುವ ಹೊಸ ಕಣಗಳನ್ನು.

ಐವತ್ತು ವರ್ಷಗಳಿಗೂ ಹಿಂದೆ ಹುಟ್ಟಿದ ಈ ಸಿದ್ಧಾಂತವನ್ನು ಭೌತವಿಜ್ಞಾನಿಗಳಲ್ಲಿ ಅನೇಕರು ನಿಜವಾಗಿರಲೇಬೇಕೆಂದು ನಂಬಿದ್ದರು. ಆದರೆ ಇದುವರೆಗೆ ಅದು ಹೇಳುವ ಕಣಗಳಲ್ಲಿ ಒಂದಾದರೂ ಸಿಕ್ಕಿಲ್ಲ. ‘ಸಿಕ್ಕಿಲ್ಲ’ ಎಂಬ ಆ ಒಂದು ಮಾತನ್ನು ಖಚಿತವಾಗಿ ಹೇಳುವುದಕ್ಕೆ ಎಷ್ಟು ಜಾಣ್ಮೆ, ಎಷ್ಟು ತಾಳ್ಮೆ ಬೇಕಾಯಿತು, ಆ ಮಾತಿನಿಂದ ನಾವು ಕಲಿತುದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಎರಡು ಪಂಗಡಗಳು

ಪರಮಾಣುವನ್ನು ಒಡೆದು, ಅದರೊಳಗಿನ ಬೀಜವನ್ನೂ ಒಡೆದು ನೋಡಿದ ಮೇಲೆ ವಿಜ್ಞಾನಿಗಳಿಗೆ ದೊರೆತ ಮೂಲಕಣಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಬಹುದು. ಎಲೆಕ್ಟ್ರಾನು, ಪ್ರೋಟಾನು ಮತ್ತು ನ್ಯೂಟ್ರಾನುಗಳೊಳಗಿರುವ ಕ್ವಾರ್ಕುಗಳು, ನ್ಯೂಟ್ರಿನೊಗಳು—ಇವು ಒಂದು ಪಂಗಡ. ಇಟಲಿಯ ಎನ್ರಿಕೊ ಫರ್ಮಿಯ ಹೆಸರಿನಿಂದ ಇವನ್ನು ‘ಫರ್ಮಿಯಾನು’ಗಳೆಂದು ಕರೆಯುತ್ತಾರೆ. ಒಂದೇ ಸ್ಥಿತಿಯಲ್ಲಿ ಎರಡು ಫರ್ಮಿಯಾನುಗಳು ಇರಲಾರವು. ಒಂದು ಕುಳಿತ ಪೀಠದಲ್ಲಿ ಇನ್ನೊಂದಕ್ಕೆ ಎಡೆಯಿಲ್ಲ. ನಾವು ಮುಟ್ಟುವ ಮೇಜು ಗಟ್ಟಿಯಾಗಿರುವುದೂ, ವಸ್ತುಗಳು ಸ್ಥಳವನ್ನು ಆಕ್ರಮಿಸಿಕೊಂಡಿರುವುದೂ ಈ ನಿಯಮದಿಂದಲೇ.

ಬೆಳಕಿನ ಕಣವಾದ ಫೋಟಾನು, ಕ್ವಾರ್ಕುಗಳನ್ನು ಬಂಧಿಸಿಡುವ ಗ್ಲುಯಾನು, ೨೦೧೨ರಲ್ಲಿ ಪತ್ತೆಯಾದ ಹಿಗ್ಸ್ ಕಣ—ಇವು ಇನ್ನೊಂದು ಪಂಗಡಕ್ಕೆ ಸೇರಿದವು. ಇವು ಎಷ್ಟು ಬೇಕಾದರೂ ಒಂದೇ ಸ್ಥಿತಿಯಲ್ಲಿ ಒಟ್ಟುಗೂಡಬಲ್ಲವು. ಇಂತಹ ಕಣಗಳ ಎಣಿಕೆಯ ರೀತಿಯನ್ನು ೧೯೨೪ರಲ್ಲಿ ಮೊದಲು ಕಂಡುಕೊಂಡವರು ಆಗ ಢಾಕಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಸತ್ಯೇಂದ್ರನಾಥ ಬೋಸರು. ಅವರ ಹೆಸರಿನಿಂದಲೇ ಈ ಪಂಗಡಕ್ಕೆ ‘ಬೋಸಾನು’ಗಳೆಂಬ ಹೆಸರು ನಿಂತಿತು. ಸ್ಥೂಲವಾಗಿ ಹೇಳುವುದಾದರೆ, ಫರ್ಮಿಯಾನುಗಳು ಜಗತ್ತನ್ನು ಕಟ್ಟುವ ಇಟ್ಟಿಗೆಗಳು. ಬೋಸಾನುಗಳು ಆ ಇಟ್ಟಿಗೆಗಳ ನಡುವಿನ ಬಲಗಳನ್ನು ಸಾಗಿಸುವ ವಾಹಕಗಳು.

ಈ ಭೇದಕ್ಕೆ ಮೂಲ ಕಣಗಳ ‘ಗಿರಕಿ’ ಎಂಬ ಗುಣ. ಪ್ರತಿಯೊಂದು ಕಣಕ್ಕೂ ಬುಗುರಿಯಂತೆ ಸುತ್ತುವುದನ್ನು ಹೋಲುವ ಒಂದು ಸಹಜಗುಣವುಂಟು. ಅದನ್ನು ತಕ್ಕ ಮಾನದಿಂದ ಅಳೆದರೆ ಫರ್ಮಿಯಾನುಗಳಿಗೆ ಅರ್ಧ, ಒಂದೂವರೆ ಎಂಬಂತೆಯೂ, ಬೋಸಾನುಗಳಿಗೆ ಸೊನ್ನೆ, ಒಂದು, ಎರಡು ಎಂಬಂತೆಯೂ ಬೆಲೆ ಬರುತ್ತದೆ. ಬುಗುರಿಯ ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು. ಅಳತೆಗೆ ಸಿಗುವ ಒಂದು ಗುಣವೆಂದಷ್ಟೇ ಇದನ್ನು ತಿಳಿಯತಕ್ಕದ್ದು.

ಇವೆರಡು ಪಂಗಡಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬೇರೆಬೇರೆಯಾಗಿಯೇ ಇರಬೇಕೆ? ಇಲ್ಲವೆಂದು ಹೇಳುವುದೇ ಅತಿಸಮಮಿತಿ. ಮಾಸ್ಕೋದ ಗೋಲ್‌ಫಾಂಡ್ ಮತ್ತು ಲಿಖ್ತ್‌ಮನ್ ೧೯೭೧ರಲ್ಲಿ, ಖಾರ್ಕಿವ್ ನಗರದ ವೋಲ್ಕೋವ್ ಮತ್ತು ಅಕುಲೋವ್ ೧೯೭೨ರಲ್ಲಿ ಇಂತಹ ಗಣಿತವನ್ನು ರೂಪಿಸಿದರು. ೧೯೭೪ರಲ್ಲಿ ಯೂಲಿಯಸ್ ವೆಸ್ ಮತ್ತು ಬ್ರೂನೊ ಝುಮಿನೊ ಪ್ರಕಟಿಸಿದ ಪ್ರಬಂಧದಿಂದ ಅದು ಜಗತ್ತಿನ ಭೌತವಿಜ್ಞಾನಿಗಳೆಲ್ಲರ ಗಮನವನ್ನು ಸೆಳೆಯಿತು. ಪ್ರತಿಯೊಂದು ಫರ್ಮಿಯಾನಿಗೂ ಒಂದು ಬೋಸಾನು ಜೊತೆಗಾರ, ಪ್ರತಿಯೊಂದು ಬೋಸಾನಿಗೂ ಒಂದು ಫರ್ಮಿಯಾನು ಜೊತೆಗಾರ ಇರಬೇಕು. ಇಬ್ಬರ ಗಿರಕಿಯಲ್ಲಿ ಅರ್ಧದಷ್ಟು ವ್ಯತ್ಯಾಸ. ಇದು ಸಿದ್ಧಾಂತದ ತಿರುಳು. ಎಲೆಕ್ಟ್ರಾನಿನ ಜೊತೆಗಾರನಿಗೆ ‘ಸೆಲೆಕ್ಟ್ರಾನು’, ಕ್ವಾರ್ಕಿನ ಜೊತೆಗಾರನಿಗೆ ‘ಸ್ಕ್ವಾರ್ಕು’, ಗ್ಲುಯಾನಿನ ಜೊತೆಗಾರನಿಗೆ ‘ಗ್ಲುಯಿನೊ’ ಎಂದು ಹುಟ್ಟುವ ಮೊದಲೇ ನಾಮಕರಣವೂ ಆಗಿಹೋಯಿತು.

ಈ ಜೊತೆಗಾರರ ರಾಶಿ ಮೂಲಕಣಗಳ ರಾಶಿಯಷ್ಟೇ ಆಗಿದ್ದರೆ ಅವು ಎಂದೋ ನಮ್ಮ ಕಣ್ಣಿಗೆ ಬಿದ್ದಿರುತ್ತಿದ್ದವು. ಹಾಗೆ ಬಿದ್ದಿಲ್ಲವಾದುದರಿಂದ, ಸಮಮಿತಿ ಪ್ರಕೃತಿಯಲ್ಲಿ ಇದ್ದರೂ ಅದು ಪೂರ್ಣವಾಗಿಲ್ಲ, ಜೊತೆಗಾರರು ಬಹಳ ಭಾರವಾಗಿದ್ದಾರೆ ಎಂದು ಊಹಿಸಬೇಕಾಯಿತು. ಎಷ್ಟು ಭಾರ? ಸಿದ್ಧಾಂತ ತಾನಾಗಿ ಅದನ್ನು ಹೇಳುವುದಿಲ್ಲ. ಮುಂದಿನ ಕಥೆಯ ಕಷ್ಟವೆಲ್ಲ ಇದರಲ್ಲಿಯೇ ಅಡಗಿದೆ.

ಸಂಶಯ ಹುಟ್ಟಿಸುವ ಲೆಕ್ಕ

ಕಾಣದ ವಸ್ತುವನ್ನು ಇಷ್ಟು ಜನ ನಂಬಿದುದಕ್ಕೆ ಕಾರಣವೇನು? ಗಣಿತದ ಸೊಬಗು ಒಂದು ಕಾರಣ. ಆದರೆ ಅದಕ್ಕಿಂತ ಬಲವಾದ ಕಾರಣ ಹಿಗ್ಸ್ ಕಣದ ರಾಶಿಗೆ ಸಂಬಂಧಪಟ್ಟುದು.

ಕ್ವಾಂಟಂ ಸಿದ್ಧಾಂತದ ಪ್ರಕಾರ ಶೂನ್ಯವೆಂಬುದು ಬರಿಯ ಶೂನ್ಯವಲ್ಲ. ಅಲ್ಲಿ ಕಣಗಳು ಕ್ಷಣಮಾತ್ರ ಹುಟ್ಟಿ ಅಡಗುತ್ತಿರುತ್ತವೆ. ಹಿಗ್ಸ್ ಕಣದ ರಾಶಿಗೆ ಇವುಗಳಲ್ಲಿ ಒಂದೊಂದೂ ತನ್ನ ಪಾಲನ್ನು ಸೇರಿಸುತ್ತದೆ ಅಥವಾ ಕಳೆಯುತ್ತದೆ. ಈಗ ನಮಗೆ ತಿಳಿದಿರುವ ನಿಯಮಗಳೇ ಗುರುತ್ವಾಕರ್ಷಣೆ ಪ್ರಬಲವಾಗುವಷ್ಟು ಉನ್ನತ ಶಕ್ತಿಗಳವರೆಗೂ ಅನ್ವಯಿಸುತ್ತವೆಂದು ಇಟ್ಟುಕೊಂಡರೆ, ಈ ಪಾಲುಗಳು ಊಹೆಗೆ ಮೀರಿ ದೊಡ್ಡವಾಗುತ್ತವೆ. ಆದರೆ ಪ್ರಯೋಗದಲ್ಲಿ ಕಂಡ ಹಿಗ್ಸ್ ಕಣದ ರಾಶಿ ಪ್ರೋಟಾನಿನ ರಾಶಿಯ ಸುಮಾರು ೧೩೩ ಪಟ್ಟು ಮಾತ್ರ. ಎಂದಮೇಲೆ ಆ ಮಹಾಸಂಖ್ಯೆಗಳು ಒಂದನ್ನೊಂದು ಮೂವತ್ತಕ್ಕೂ ಹೆಚ್ಚು ಅಂಕಿಗಳವರೆಗೆ ಸರಿಯಾಗಿ ಹೊಡೆದುಹಾಕಿ, ಕೊನೆಗೆ ಈ ಪುಟ್ಟ ಶೇಷವನ್ನು ಉಳಿಸಿರಬೇಕು.

ಒಬ್ಬ ವರ್ತಕನ ಲೆಕ್ಕದ ಪುಸ್ತಕವನ್ನು ನೀವು ತಪಾಸಣೆ ಮಾಡುತ್ತಿರುವಿರೆಂದು ಭಾವಿಸಿ. ವರ್ಷದ ಜಮೆ ಕೋಟಿಗಟ್ಟಲೆ, ಖರ್ಚೂ ಕೋಟಿಗಟ್ಟಲೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲವೆಂದು ಆತ ಹೇಳುತ್ತಾನೆ. ಆದರೆ ವರ್ಷದ ಕೊನೆಗೆ ಎರಡನ್ನೂ ಕಳೆದರೆ ಉಳಿಯುವುದು ಒಂದೇ ಒಂದು ಪೈಸೆ. ಇದು ಕಾಕತಾಳೀಯವೆಂದು ನೀವು ಒಪ್ಪುವಿರಾ? ಜಮೆಯ ಪ್ರತಿಯೊಂದು ಬಾಬಿಗೂ ಸರಿಯಾಗಿ ಖರ್ಚಿನ ಬಾಬೊಂದು ಇರುವ ಯಾವುದೋ ಒಳ ಏರ್ಪಾಡು ಇರಬೇಕೆಂದು ಶಂಕಿಸುವಿರಷ್ಟೆ. ಅತಿಸಮಮಿತಿ ಒದಗಿಸುವುದು ಇಂತಹ ಏರ್ಪಾಡನ್ನೇ. ಈ ಲೆಕ್ಕದಲ್ಲಿ ಫರ್ಮಿಯಾನುಗಳ ಪಾಲಿಗೂ ಬೋಸಾನುಗಳ ಪಾಲಿಗೂ ಚಿಹ್ನೆ ವಿರುದ್ಧ. ಪ್ರತಿ ಕಣಕ್ಕೂ ಎದುರು ಪಂಗಡದಲ್ಲಿ ಜೊತೆಗಾರನಿದ್ದರೆ ಅವನ ಪಾಲು ಇವನ ಪಾಲನ್ನು ತಾನಾಗಿಯೇ ಅಳಿಸುತ್ತದೆ. ಆದರೆ ಜೊತೆಗಾರರು ತೀರ ಭಾರವಾಗಿದ್ದರೆ ಈ ಅಳಿಸುವಿಕೆ ಅಪೂರ್ಣವಾಗಿ, ಮತ್ತೆ ದೊಡ್ಡ ಶೇಷವೇ ಉಳಿಯುತ್ತದೆ. ಆದುದರಿಂದ ಅವು ಪ್ರೋಟಾನಿನ ಕೆಲವು ನೂರು ಪಟ್ಟಿನಿಂದ ಒಂದು ಸಾವಿರ ಪಟ್ಟಿನ ಆಸುಪಾಸಿನಲ್ಲಿಯೇ ಇರಬೇಕೆಂದು ಬಹುಮಂದಿ ನಿರೀಕ್ಷಿಸಿದರು.

ಹೀಗೆ ನಿರೀಕ್ಷಿಸುವುದಕ್ಕೆ ಇತಿಹಾಸದಲ್ಲಿ ಆಧಾರವೂ ಇದ್ದಿತು. ಎಲೆಕ್ಟ್ರಾನು ಬಿಂದುವಿನಷ್ಟು ಸಣ್ಣದಾದರೆ ಅದರ ಸ್ವಂತ ವಿದ್ಯುತ್‌ಕ್ಷೇತ್ರದ ಶಕ್ತಿಯೇ ಅದರ ರಾಶಿಯನ್ನು ಮಿತಿಮೀರಿ ಹೆಚ್ಚಿಸಬೇಕು ಎಂಬ ತೊಡಕು ಹಿಂದೆ ಇದ್ದಿತು. ೧೯೨೮ರಲ್ಲಿ ಡಿರಾಕ್ ತನ್ನ ಸಮೀಕರಣವನ್ನು ಪ್ರಕಟಿಸಿದನು; ಅದರಿಂದ ಪ್ರತಿಕಣಗಳ ಕಲ್ಪನೆ ಬಂದಿತು; ೧೯೩೨ರಲ್ಲಿ ಆಂಡರ್ಸನ್ ಪಾಸಿಟ್ರಾನನ್ನು ಕಂಡನು. ಪಾಸಿಟ್ರಾನನ್ನು ಲೆಕ್ಕಕ್ಕೆ ಸೇರಿಸಿದರೆ ಹಳೆಯ ತೊಡಕಿನ ತೀವ್ರತೆ ತಗ್ಗುತ್ತದೆಂದು ವೈಸ್‌ಕಾಪ್ಫ್ ಎಂಬ ವಿಜ್ಞಾನಿ ೧೯೩೦ರ ದಶಕದಲ್ಲಿ ತೋರಿಸಿದನು. ಕಣಗಳ ಸಂಖ್ಯೆಯನ್ನು ಇಮ್ಮಡಿಸಿ ತೊಡಕನ್ನು ಬಿಡಿಸುವ ಉಪಾಯವನ್ನು ಪ್ರಕೃತಿ ಒಮ್ಮೆ ಬಳಸಿರುವಾಗ ಇನ್ನೊಮ್ಮೆ ಏಕೆ ಬಳಸಬಾರದು?

ಮತ್ತೊಂದು ಆಕರ್ಷಣೆಯೂ ಇದ್ದಿತು. ನಕ್ಷತ್ರಸಮೂಹಗಳ ಚಲನೆಯನ್ನು ಅಳೆದಾಗ, ಕಾಣುವ ದ್ರವ್ಯದ ಸುಮಾರು ಐದು ಪಟ್ಟು ಕಾಣದ ದ್ರವ್ಯ ವಿಶ್ವದಲ್ಲಿ ಇರಬೇಕೆಂದು ತಿಳಿದುಬರುತ್ತದೆ. ಅತಿಸಮಮಿತಿಯ ಅನೇಕ ರೂಪಗಳಲ್ಲಿ ಜೊತೆಗಾರ ಕಣಗಳು ಯಾವಾಗಲೂ ಎರಡೆರಡಾಗಿಯೇ ಹುಟ್ಟುತ್ತವೆ. ಭಾರವಾದವು ಶಿಥಿಲಗೊಂಡು ಹಗುರವಾದ ಜೊತೆಗಾರಗಳಾಗುತ್ತವೆ. ಎಲ್ಲಕ್ಕಿಂತ ಹಗುರವಾದುದು ಶಿಥಿಲಗೊಳ್ಳಲು ದಾರಿಯಿಲ್ಲದೆ ಶಾಶ್ವತವಾಗಿ ಉಳಿಯುತ್ತದೆ. ‘ನ್ಯೂಟ್ರಲಿನೊ’ ಎಂಬ, ವಿದ್ಯುದಂಶವಿಲ್ಲದ ಕಣ ಅದಾಗಿದ್ದರೆ, ವಿಶ್ವವನ್ನು ತುಂಬಿರುವ ಕಾಣದ ದ್ರವ್ಯ ಅದೇ ಆಗಿರಬಹುದು.

ಕಾಣದುದನ್ನು ಕಾಣುವ ಉಪಾಯ

ಭಾರವಾದ ಕಣಗಳನ್ನು ಸೃಷ್ಟಿಸಲು ಒಂದೇ ಹಾದಿ: ಹಗುರವಾದ ಕಣಗಳಿಗೆ ಅಪಾರ ವೇಗ ಕೊಟ್ಟು ಅವನ್ನು ಡಿಕ್ಕಿ ಹೊಡೆಸುವುದು. ಐನ್‌ಸ್ಟೈನನ ನಿಯಮದಂತೆ ಅವುಗಳ ಶಕ್ತಿ ಹೊಸ ಕಣಗಳ ರಾಶಿಯಾಗಿ ಮಾರ್ಪಡುತ್ತದೆ. ಜಿನೀವಾದ ಸರ್ನ್ ಪ್ರಯೋಗಶಾಲೆಯ ‘ಬೃಹತ್ ಹೆಡ್ರಾನ್ ಘರ್ಷಕ’ವು ಈ ಕೆಲಸಕ್ಕೆಂದೇ ಕಟ್ಟಿದ ಯಂತ್ರ. ಅದರ ಸುರಂಗದ ಸುತ್ತಳತೆ ೨೭ ಕಿಲೋಮೀಟರ್. ಅದರೊಳಗೆ ಪ್ರೋಟಾನುಗಳ ಎರಡು ಪ್ರವಾಹಗಳು ವಿರುದ್ಧ ದಿಕ್ಕುಗಳಲ್ಲಿ ಸೆಕೆಂಡಿಗೆ ಹನ್ನೊಂದು ಸಾವಿರಕ್ಕೂ ಹೆಚ್ಚು ಸುತ್ತು ಹಾಕುತ್ತವೆ. ಅವನ್ನು ದಾರಿಯಲ್ಲಿ ಬಾಗಿಸಲು ೧೨೩೨ ಬೃಹತ್ ವಿದ್ಯುತ್ಕಾಂತಗಳುಂಟು. ಪ್ರತಿಯೊಂದರ ಉದ್ದ ೧೫ ಮೀಟರ್. ದ್ರವ ಹೀಲಿಯಮ್ಮಿನಿಂದ ಇವನ್ನು ನಿರಪೇಕ್ಷ ಸೊನ್ನೆಗಿಂತ ೧.೯ ಡಿಗ್ರಿ ಮಾತ್ರ ಮೇಲಿರುವಂತೆ ತಣ್ಣಗಿಡಲಾಗುತ್ತದೆ. ೨೦೧೫ರಿಂದ ೨೦೧೮ರ ವರೆಗಿನ ಪ್ರಯೋಗಗಳಲ್ಲಿ ಒಂದೊಂದು ಪ್ರೋಟಾನಿನ ಶಕ್ತಿಯೂ ನಿಶ್ಚಲ ಪ್ರೋಟಾನಿನ ರಾಶಿಗೆ ಸಮನಾದ ಶಕ್ತಿಯ ಸುಮಾರು ೭೦೦೦ ಪಟ್ಟು ಇದ್ದಿತು.

ಪ್ರವಾಹಗಳು ಎದುರಾಗುವ ಸ್ಥಳಗಳಲ್ಲಿ ಕಣಶೋಧಕಗಳಿವೆ. ಇವುಗಳಲ್ಲಿ ಅಟ್ಲಾಸ್ ಎಂಬುದರ ಉದ್ದ ೪೬ ಮೀಟರ್, ಎತ್ತರ ೨೫ ಮೀಟರ್. ಸಿ.ಎಂ.ಎಸ್. ಎಂಬುದು ಗಾತ್ರದಲ್ಲಿ ಚಿಕ್ಕದಾದರೂ ತೂಕ ೧೪,೦೦೦ ಟನ್. ಈರುಳ್ಳಿಯ ಸಿಪ್ಪೆಗಳಂತೆ ಒಂದರ ಹೊರಗೆ ಒಂದರಂತೆ ಜೋಡಿಸಿದ ಪದರಗಳಲ್ಲಿ ಒಳಗಿನವು ವಿದ್ಯುದಂಶವುಳ್ಳ ಕಣಗಳ ಜಾಡನ್ನು ಗುರುತಿಸುತ್ತವೆ. ನಡುವಿನವು ಕಣಗಳನ್ನು ತಡೆದು ಅವುಗಳ ಶಕ್ತಿಯನ್ನು ಅಳೆಯುತ್ತವೆ. ಎಲ್ಲವನ್ನೂ ತೂರಿಕೊಂಡು ಹೋಗುವ ಮ್ಯೂಯಾನು ಎಂಬ ಕಣಗಳನ್ನು ಹೊರಗಿನ ಪದರಗಳು ಹಿಡಿಯುತ್ತವೆ. ಸಿ.ಎಂ.ಎಸ್. ಶೋಧಕದ ಒಂದು ಹೊರ ಪದರದ ನಿರ್ಮಾಣದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಚಂಡೀಗಢದ ಪಂಜಾಬ್ ವಿಶ್ವವಿದ್ಯಾನಿಲಯ ಇವುಗಳ ಪಾತ್ರವಿದೆ.

ನ್ಯೂಟ್ರಲಿನೊ ಹುಟ್ಟಿದರೆ ಈ ಯಾವ ಪದರದಲ್ಲಿಯೂ ಗುರುತು ಮೂಡಿಸದೆ ಹೊರಟುಹೋಗುತ್ತದೆ. ಹಾಗಾದರೆ ಅದನ್ನು ತಿಳಿಯುವುದು ಹೇಗೆ? ಇಲ್ಲಿ ನೆರವಿಗೆ ಬರುವುದು ಪ್ರೌಢಶಾಲೆಯಲ್ಲಿ ಕಲಿತ ಸಂವೇಗ ಸಂರಕ್ಷಣ ನಿಯಮ. ಬಯಲಿನ ನಡುವೆ ಒಂದು ಮಡಕೆಯೊಳಗೆ ಪಟಾಕಿ ಇಟ್ಟು ಸಿಡಿಸಿದರೆ ಚೂರುಗಳು ಎಲ್ಲ ದಿಕ್ಕಿಗೂ ಹಾರುತ್ತವೆ. ದೊರೆತ ಚೂರುಗಳೆಲ್ಲ ಪೂರ್ವಕ್ಕೇ ಹಾರಿದ್ದರೆ, ಪಶ್ಚಿಮಕ್ಕೆ ಹಾರಿದ ಚೂರೊಂದು ನಮ್ಮ ಕಣ್ಣಿಗೆ ತಪ್ಪಿದೆಯೆಂದು ನಿಶ್ಚಯವಾಗಿ ಹೇಳಬಹುದು. ಪ್ರೋಟಾನುಗಳು ಎದುರುಬದುರಾಗಿ ಬರುವಾಗ ಅವುಗಳಿಗೆ ಅಡ್ಡದಿಕ್ಕಿನ ಸಂವೇಗ ಇರುವುದಿಲ್ಲವೆಂದೇ ಹೇಳಬಹುದು. ಆದುದರಿಂದ ಡಿಕ್ಕಿಯಾದ ಮೇಲೂ ಹೊರಬಿದ್ದ ಕಣಗಳ ಅಡ್ಡದಿಕ್ಕಿನ ಸಂವೇಗಗಳನ್ನೆಲ್ಲ ದಿಕ್ಕುಸಹಿತ ಕೂಡಿಸಿದರೆ ಮೊತ್ತ ಸೊನ್ನೆಯಾಗಬೇಕು. ಹಾಗಾಗದಿದ್ದರೆ ಯಾವುದೋ ಕಾಣದ ಕಣ ಆ ಬಾಕಿಯನ್ನು ಹೊತ್ತುಕೊಂಡು ಹೋಗಿದೆ. ಪ್ರವಾಹದ ದಿಕ್ಕಿನಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ನಿಜವಾಗಿ ಡಿಕ್ಕಿ ಹೊಡೆಯುವುದು ಪ್ರೋಟಾನಿನೊಳಗಿನ ಯಾವುದೋ ಕ್ವಾರ್ಕು ಅಥವಾ ಗ್ಲುಯಾನು. ಪ್ರೋಟಾನಿನ ಸಂವೇಗದಲ್ಲಿ ಅದರ ಪಾಲೆಷ್ಟೆಂಬುದು ಆಯಾ ಡಿಕ್ಕಿಯಲ್ಲಿ ಗೊತ್ತಿರುವುದಿಲ್ಲ. ಉಳಿದ ತುಣುಕುಗಳು ಕೊಳವೆಯೊಳಗೇ ಸಾಗಿಹೋಗುತ್ತವೆ.

ಈ ಬಗೆಯ ತರ್ಕ ಹೊಸತಲ್ಲ. ಬೀಟಾ ವಿಕಿರಣದಲ್ಲಿ ಶಕ್ತಿಯ ಲೆಕ್ಕ ಸರಿಹೋಗದಿದ್ದಾಗ, ಕಾಣದ ಕಣವೊಂದು ಅದನ್ನು ಒಯ್ಯುತ್ತಿರಬೇಕೆಂದು ಪೌಲಿ ೧೯೩೦ರಲ್ಲಿ ಸೂಚಿಸಿದನು. ಅದೇ ನ್ಯೂಟ್ರಿನೊ. ೧೯೫೬ರಲ್ಲಿ ರೈನ್ಸ್ ಮತ್ತು ಕೋವನ್ ಅದನ್ನು ಪ್ರತ್ಯಕ್ಷವಾಗಿ ಪತ್ತೆಮಾಡಿದರು. ೧೯೬೫ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿ ಬಂದ ನ್ಯೂಟ್ರಿನೊಗಳ ಗುರುತು ದೊರೆಯಿತು. ೧೯೮೩ರಲ್ಲಿ ಸರ್ನ್‌ನಲ್ಲಿಯೇ ಡಬ್ಲ್ಯು ಎಂಬ ಬೋಸಾನು ಸಿಕ್ಕಿದ್ದೂ ಒಂದು ಎಲೆಕ್ಟ್ರಾನು ಮತ್ತು ಅದಕ್ಕೆ ಎದುರು ದಿಕ್ಕಿನಲ್ಲಿ ಕಾಣೆಯಾದ ಸಂವೇಗ, ಇವೆರಡರ ಗುರುತಿನಿಂದಲೇ.

ಅತಿಸಮಮಿತಿಯ ಶೋಧದಲ್ಲಿಯೂ ಇದೇ ಕ್ರಮ. ಎರಡು ಗ್ಲುಯಿನೊಗಳು ಹುಟ್ಟಿವೆಯೆಂದು ಭಾವಿಸೋಣ. ಒಂದೊಂದೂ ಒಂದು ಕ್ವಾರ್ಕು, ಒಂದು ಪ್ರತಿಕ್ವಾರ್ಕು, ಒಂದು ನ್ಯೂಟ್ರಲಿನೊ ಎಂದು ಒಡೆಯಬಹುದು. ಕ್ವಾರ್ಕುಗಳು ಒಂಟಿಯಾಗಿ ಹೊರಬರಲಾರದೆ ಕಣಗಳ ಧಾರೆಗಳಾಗಿ ಚಿಮ್ಮುತ್ತವೆ. ಹೀಗೆ ನಾಲ್ಕು ಬಲವಾದ ಧಾರೆಗಳೂ ದೊಡ್ಡ ಪ್ರಮಾಣದ ಸಂವೇಗದ ಬಾಕಿಯೂ ಒಟ್ಟಿಗೆ ಕಂಡರೆ ಅಲ್ಲಿ ಗ್ಲುಯಿನೊ ಇರಬಹುದು.

ವೇಷಧಾರಿಗಳು

‘ಇರಬಹುದು’ ಎಂಬುದರಿಂದ ‘ಇದೆ’ ಎಂಬಲ್ಲಿಗೆ ಹೋಗುವುದು ಬಹು ದೂರದ ದಾರಿ. ಇದನ್ನು ಕಲಿಸಿದ ಪಾಠವೊಂದುಂಟು. ೧೯೮೪ರಲ್ಲಿ ಸರ್ನ್‌ನ ಯು.ಎ.೧ ಎಂಬ ಪ್ರಯೋಗದಲ್ಲಿ ಒಂದೇ ಒಂದು ಧಾರೆ, ಅದರ ಎದುರಿಗೆ ಬರಿಯ ಸಂವೇಗದ ಬಾಕಿ ಇರುವ ಕೆಲವು ಘಟನೆಗಳು ಕಂಡವು. ಅತಿಸಮಮಿತಿಯೇ ಸಿಕ್ಕಿತೋ ಏನೋ ಎಂಬ ಸಡಗರ ಹಬ್ಬಿತು. ಇನ್ನಷ್ಟು ದತ್ತಾಂಶ ಕೂಡಿದಮೇಲೆ, ಪರಿಚಿತವಾದ ಹಲವು ಕ್ರಿಯೆಗಳ ಪಾಲನ್ನು ಒಂದೊಂದಾಗಿ ಸೇರಿಸಿದರೆ ಆ ಘಟನೆಗಳಿಗೆ ಕಾರಣ ಹೇಳಬಹುದೆಂದು ತಿಳಿಯಿತು.

ಇಂತಹ ವೇಷಧಾರಿ ಘಟನೆಗಳಿಗೆ ‘ಹಿನ್ನೆಲೆ’ ಎಂದು ಹೆಸರು. ಇವುಗಳಲ್ಲಿ ಮುಖ್ಯವಾದುದು ಝಡ್ ಎಂಬ ಬೋಸಾನಿನದು. ಹುಟ್ಟಿದ ಪ್ರತಿ ೧೦೦ ಝಡ್ ಕಣಗಳಲ್ಲಿ ಸುಮಾರು ೨೦ ಎರಡೆರಡು ನ್ಯೂಟ್ರಿನೊಗಳಾಗಿ ಒಡೆದು ಕಾಣೆಯಾಗುತ್ತವೆ. ನ್ಯೂಟ್ರಿನೊ ಹೋದರೂ ನ್ಯೂಟ್ರಲಿನೊ ಹೋದರೂ ಶೋಧಕದಲ್ಲಿ ಉಳಿಯುವುದು ಒಂದೇ ಬಗೆಯ ಬಾಕಿ. ಇವುಗಳ ಸಂಖ್ಯೆಯನ್ನು ಅಂದಾಜು ಮಾಡುವ ರೀತಿ ಸೊಗಸಾಗಿದೆ. ಅದೇ ಝಡ್ ಕಣ ೧೦೦ರಲ್ಲಿ ಮೂರುನಾಲ್ಕು ಸಲ ಎರಡು ಮ್ಯೂಯಾನುಗಳಾಗಿ ಒಡೆಯುತ್ತದೆ, ಅವು ಶೋಧಕದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಅಂತಹ ಘಟನೆಗಳನ್ನು ಆರಿಸಿ, ಮ್ಯೂಯಾನುಗಳನ್ನು ಕಂಡೇ ಇಲ್ಲವೆಂಬಂತೆ ಲೆಕ್ಕದಿಂದ ತೆಗೆದುಹಾಕಿದರೆ, ನ್ಯೂಟ್ರಿನೊಗಳಾಗಿ ಒಡೆದ ಝಡ್ ಕಣದ ಘಟನೆ ಹೇಗೆ ಕಾಣುವುದೆಂಬುದು ತಿಳಿಯುತ್ತದೆ. ಅದನ್ನು ಸುಮಾರು ಆರರಿಂದ ಗುಣಿಸಿ, ಶೋಧಕದ ಕಣ್ಣಿಗೆ ತಪ್ಪಿದ ಮ್ಯೂಯಾನುಗಳಿಗಾಗಿ ತಿದ್ದುಪಡಿ ಮಾಡಿದರೆ ವೇಷಧಾರಿಗಳ ಸಂಖ್ಯೆ ದೊರೆಯುತ್ತದೆ. ಧಾರೆಯೊಂದರ ಶಕ್ತಿಯನ್ನು ಅಳೆಯುವಾಗ ಆಗುವ ತಪ್ಪಿನಿಂದಲೂ ಸುಳ್ಳು ಬಾಕಿ ಹುಟ್ಟಬಹುದು. ಅದಕ್ಕೂ ಬೇರೆ ಲೆಕ್ಕವುಂಟು.

ಮನುಷ್ಯನ ಮನಸ್ಸೂ ಒಂದು ಬಗೆಯ ದೋಷಕ್ಕೆ ಕಾರಣವಾಗಬಹುದು. ಸಿಗಲೆಂದು ಆಸೆಪಟ್ಟುದನ್ನು ಕಣ್ಣು ಬೇಗ ಕಾಣುತ್ತದೆ. ಆದುದರಿಂದ ಯಾವ ಯಾವ ಘಟನೆಗಳನ್ನು ಆರಿಸಬೇಕು, ಹಿನ್ನೆಲೆ ಎಷ್ಟಿರಬೇಕು ಎಂಬುದನ್ನೆಲ್ಲ ಮೊದಲೇ ಗೊತ್ತುಮಾಡಿ, ಅಲ್ಲಿಯವರೆಗೆ ಹೊಸ ಕಣ ಕಾಣಬಹುದಾದ ಭಾಗದ ದತ್ತಾಂಶವನ್ನು ಯಾರೂ ತೆರೆದು ನೋಡದಂತೆ ಕಟ್ಟುಮಾಡಿಕೊಂಡಿರುತ್ತಾರೆ. ಉತ್ತರಪತ್ರಿಕೆಗಳನ್ನು ತಿದ್ದುವ ಮೊದಲು ವಿದ್ಯಾರ್ಥಿಯ ಹೆಸರನ್ನು ಮರೆಮಾಡುವಂತೆಯೇ ಇದು. ಇಷ್ಟಾದ ಮೇಲೂ, ಕಂಡ ಹೆಚ್ಚಳ ಬರಿಯ ಆಕಸ್ಮಿಕವಾಗಿರುವ ಸಂಭವ ಸುಮಾರು ೩೫ ಲಕ್ಷದಲ್ಲಿ ಒಂದಕ್ಕಿಂತ ಕಡಿಮೆಯೆಂದು ತೋರದ ಹೊರತು, ಹೊಸ ಕಣ ಸಿಕ್ಕಿತೆಂದು ಸಾರುವ ಪದ್ಧತಿಯಿಲ್ಲ.

ಈ ಹುಡುಕಾಟದ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಘರ್ಷಕದಲ್ಲಿ ಸೆಕೆಂಡಿಗೆ ಸುಮಾರು ೧೦೦ ಕೋಟಿ ಡಿಕ್ಕಿಗಳಾಗುತ್ತವೆ. ಎಲ್ಲವನ್ನೂ ದಾಖಲೆ ಮಾಡುವುದು ಸಾಧ್ಯವಿಲ್ಲ. ಪ್ರೋಟಾನುಗಳ ಕಟ್ಟುಗಳು ಸೆಕೆಂಡಿಗೆ ೪ ಕೋಟಿ ಸಲ ಎದುರಾಗುವಾಗ, ವಿದ್ಯುತ್ ಮಂಡಲಗಳು ಮತ್ತು ಗಣಕಗಳು ತತ್‌ಕ್ಷಣ ನಿರ್ಧರಿಸಿ ಅವುಗಳಲ್ಲಿ ಒಂದು ಸಾವಿರದಷ್ಟನ್ನು ಮಾತ್ರ ಉಳಿಸಿಕೊಂಡವು. ೨೦೧೫ರಿಂದ ೨೦೧೮ರ ವರೆಗೆ ಅಟ್ಲಾಸ್ ಶೋಧಕವೊಂದರಲ್ಲಿಯೇ ನಡೆದ ಡಿಕ್ಕಿಗಳು ಸುಮಾರು ನೂರು ಕೋಟಿ ಕೋಟಿ. ಎಂದರೆ ೧ರ ಮುಂದೆ ೧೬ ಸೊನ್ನೆಗಳು. ಪ್ರೋಟಾನಿನ ಸುಮಾರು ೨೧೦೦ ಪಟ್ಟು ಭಾರದ ಗ್ಲುಯಿನೊ ಪ್ರಕೃತಿಯಲ್ಲಿ ಇದ್ದಿದ್ದರೆ, ಅಷ್ಟು ಡಿಕ್ಕಿಗಳಲ್ಲಿ ಅದರ ಜೋಡಿಗಳು ಸುಮಾರು ೧೪೦ ಹುಟ್ಟಿರುತ್ತಿದ್ದವು. ಅವುಗಳಲ್ಲಿ ಜರಡಿಯಲ್ಲಿ ಉಳಿಯುವ ಸ್ವಲ್ಪ ಭಾಗವೂ ವೇಷಧಾರಿಗಳ ಗುಂಪಿನ ಮೇಲೆ ಎದ್ದು ಕಾಣುವಷ್ಟಾಗುತ್ತಿತ್ತು.

ಅಂತಹ ಹೆಚ್ಚಳ ಕಾಣಲಿಲ್ಲ. ಎಣಿಕೆಗೆ ಬಂದುದು ಹಿನ್ನೆಲೆ ಹೇಳಿದಷ್ಟೇ.

‘ಇಲ್ಲ’ ಎಂಬುದರ ಬೆಲೆ

ಘರ್ಷಕದ ಈಗಿನ ಸುರಂಗದಲ್ಲಿ ೧೯೮೯ರಿಂದ ೨೦೦೦ದ ವರೆಗೆ ಎಲ್.ಇ.ಪಿ. ಎಂಬ ಹಿಂದಿನ ಯಂತ್ರ ಕೆಲಸ ಮಾಡುತ್ತಿದ್ದಿತು. ವಿದ್ಯುದಂಶವುಳ್ಳ ಜೊತೆಗಾರ ಕಣಗಳು ಪ್ರೋಟಾನಿನ ಸುಮಾರು ನೂರು ಪಟ್ಟಿನವರೆಗೆ ಇಲ್ಲವೆಂದು ಅದು ಬಹುಮಟ್ಟಿಗೆ ತೋರಿಸಿತು. ಅಮೆರಿಕದ ಟೆವಟ್ರಾನ್ ಯಂತ್ರ ಸ್ಕ್ವಾರ್ಕು, ಗ್ಲುಯಿನೊಗಳ ಗಡಿಯನ್ನು ಮುನ್ನೂರು ನಾನೂರು ಪಟ್ಟಿಗೆ ಏರಿಸಿತು. ಬೃಹತ್ ಘರ್ಷಕದ ಶೋಧನೆಗಳಿಂದ, ನ್ಯೂಟ್ರಲಿನೊ ಹಗುರವಾಗಿರುವ ಸರಳ ಸನ್ನಿವೇಶಗಳಲ್ಲಿ, ಗ್ಲುಯಿನೊವಿನ ಗಡಿ ಎರಡು ಸಾವಿರ ಪಟ್ಟನ್ನು ದಾಟಿದೆ. ಹಿಗ್ಸ್ ಲೆಕ್ಕವನ್ನು ಸರಿದೂಗಿಸುವುದರಲ್ಲಿ ಮುಖ್ಯ ಪಾತ್ರ ವಹಿಸಬೇಕಾಗಿದ್ದ, ಟಾಪ್ ಎಂಬ ಕ್ವಾರ್ಕಿನ ಜೊತೆಗಾರನ ಗಡಿಯೂ ಸಾವಿರವನ್ನು ಮೀರಿದೆ.

ನಿರೀಕ್ಷೆಗೂ ಪ್ರಯೋಗಕ್ಕೂ ಬಿದ್ದ ಈ ಅಂತರದ ಸಾಕ್ಷಿಯಾಗಿ ಒಂದು ಪಂದ್ಯ ಪ್ರಸಿದ್ಧವಾಗಿದೆ. ಅತಿಸಮಮಿತಿಯ ಕಣ ನಿಯಮಿತ ಕಾಲದೊಳಗೆ ಸಿಗುವುದೇ ಇಲ್ಲವೇ ಎಂದು ೨೦೦೦ದಲ್ಲಿ ಕೆಲವು ಭೌತವಿಜ್ಞಾನಿಗಳು ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಬರೆದು ಸಹಿಮಾಡಿದರು. ಸೋತವರು ಕೊಡಬೇಕಾದುದು ಕೊನ್ಯಾಕ್ ಎಂಬ ದ್ರಾಕ್ಷಾಮದ್ಯದ ಸೀಸೆ. ೨೦೧೬ರಲ್ಲಿ ಗಡುವು ಮುಗಿದಾಗ ಸಿಗುವುದೆಂದವರು ಸೋಲನ್ನು ಒಪ್ಪಿದರು. ಅವರಲ್ಲಿ ನೊಬೆಲ್ ಬಹುಮಾನ ಪಡೆದ ಡೇವಿಡ್ ಗ್ರಾಸ್ ಕೂಡ ಒಬ್ಬರು.

ಹಾಗಾದರೆ ಸಿದ್ಧಾಂತ ಸುಳ್ಳೆಂದು ನಿರ್ಣಯವಾಯಿತೆ? ಹಾಗೆ ಹೇಳಲಾಗದು. ಗಡಿಗಳಿಗೆ ಕೆಲವು ಷರತ್ತುಗಳುಂಟು. ಗ್ಲುಯಿನೊ ಮತ್ತು ನ್ಯೂಟ್ರಲಿನೊ ಹೆಚ್ಚುಕಡಿಮೆ ಒಂದೇ ರಾಶಿಯವಾದರೆ ಧಾರೆಗಳೂ ಬಾಕಿಯೂ ದುರ್ಬಲವಾಗಿ, ಕಣಗಳು ಜರಡಿಯಿಂದ ಸೋರಿಹೋಗುತ್ತವೆ. ಹಿಗ್ಸ್ ಕಣದ ಜೊತೆಗಾರರು ಹಗುರವಾಗಿದ್ದರೂ ಪ್ರೋಟಾನುಗಳ ಡಿಕ್ಕಿಯಲ್ಲಿ ಅಪರೂಪವಾಗಿ ಹುಟ್ಟುವುದರಿಂದ ಅವನ್ನು ಹಿಡಿಯುವುದು ಕಷ್ಟ. ಕೆಲವು ಕಣಗಳು ಹುಟ್ಟಿದ ಕೂಡಲೇ ಒಡೆಯದೆ, ಸ್ವಲ್ಪ ದೂರ ಸಾಗಿ ಶೋಧಕದ ನಡುವೆ ಒಡೆಯಬಹುದು. ಹಳೆಯ ಜರಡಿಗಳು ಇವಕ್ಕಾಗಿ ಮಾಡಿದವಲ್ಲ. ಹೊಸ ಜರಡಿಗಳನ್ನು ರೂಪಿಸುತ್ತಿದ್ದಾರೆ.

ಇಂತಹ ಯಾವ ಮೂಲೆಯಲ್ಲಿ ಯಾವ ಗುರುತನ್ನು ಅರಸಬೇಕೆಂದು ಪ್ರಯೋಗಕಾರರಿಗೆ ತೋರಿಸುವುದೂ ಒಂದು ಶಾಸ್ತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದು ೨೦೨೪ರಲ್ಲಿ ತೀರಿಕೊಂಡ ರೋಹಿಣಿ ಗೋಡಬೋಲೆಯವರು ಅದರಲ್ಲಿ ಜಗತ್ತಿನ ಗಣ್ಯರ ಸಾಲಿಗೆ ಸೇರಿದವರು. ಮಾನುಯೆಲ್ ಡ್ರೀಸ್, ಪ್ರೋಬೀರ್ ರಾಯ್ ಅವರೊಡನೆ ಅವರು ೨೦೦೪ರಲ್ಲಿ ಹೊರತಂದ ಗ್ರಂಥ ಈ ಜೊತೆಗಾರ ಕಣಗಳನ್ನು ಕುರಿತದ್ದೇ ಆಗಿದೆ.

ಆದರೂ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಪ್ರಯೋಗ ಗಡಿಯನ್ನು ಏರಿಸಿದಾಗಲೆಲ್ಲ ಸಿದ್ಧಾಂತ ‘ಇನ್ನೂ ಆಚೆಗೆ ನೋಡಿರಿ’ ಎನ್ನುತ್ತ ಹಿಂದೆ ಸರಿಯಬಹುದೆ? ಗಣಿತದ ಮಟ್ಟಿಗೆ ಸರಿಯಬಹುದು. ಜೊತೆಗಾರರ ಭಾರಕ್ಕೆ ಅದು ತಾನಾಗಿ ಮಿತಿ ಹಾಕಿಲ್ಲವೆಂದು ಮೊದಲೇ ಹೇಳಿದೆ. ಆದರೆ ಹಾಗೆ ಸರಿಯುವುದಕ್ಕೆ ತೆರಬೇಕಾದ ಬೆಲೆಯುಂಟು. ಜೊತೆಗಾರರು ಭಾರವಾದಷ್ಟೂ ಹಿಗ್ಸ್ ಲೆಕ್ಕದಲ್ಲಿ ಉಳಿಯುವ ಶೇಷ ದೊಡ್ಡದಾಗುತ್ತದೆ. ಅದನ್ನು ಅಳಿಸಲು ಮತ್ತೆ ಕಾಕತಾಳೀಯವನ್ನೇ ನಂಬಬೇಕಾಗುತ್ತದೆ. ಮೂವತ್ತಕ್ಕೂ ಹೆಚ್ಚು ಅಂಕಿಗಳ ಕಾಕತಾಳೀಯಕ್ಕಿಂತ ಎರಡು ಮೂರು ಅಂಕಿಗಳದು ಮೇಲೆಂದು ಕೆಲವರು ಹೇಳುತ್ತಾರೆ. ಯಾವ ರೋಗಕ್ಕೆ ಈ ಮದ್ದನ್ನು ತಂದೆವೋ ಆ ರೋಗವೇ ಮರಳಿದಮೇಲೆ ಮದ್ದಿನ ಮೇಲೆ ನಂಬಿಕೆ ಏಕೆಂದು ಇನ್ನು ಕೆಲವರು ಕೇಳುತ್ತಾರೆ. ಎರಡನೆಯವರ ಮಾತಿಗೆ ಈಗ ಮೊದಲಿಗಿಂತ ಹೆಚ್ಚು ತೂಕ ಬಂದಿದೆ. ಹಿಗ್ಸ್ ಕಣದ ರಾಶಿ ಹಾಗೇಕಿದೆ ಎಂಬ ಪ್ರಶ್ನೆಯಾದರೋ ಎಂದಿನಂತೆಯೇ ನಿಂತಿದೆ. ಬೇರೆ ಉತ್ತರಗಳನ್ನೂ ಅರಸಬೇಕಾಗಿದೆ; ಪ್ರಶ್ನೆಯನ್ನು ಕೇಳಿದ ರೀತಿಯೇ ಸರಿಯಿತ್ತೆ ಎಂಬುದನ್ನೂ ವಿಚಾರಿಸಬೇಕಾಗಿದೆ.

ವಿದ್ಯಾರ್ಥಿಗಳು ಇಲ್ಲಿ ೧೮೮೭ರ ಮೈಕೆಲ್ಸನ್–ಮಾರ್ಲಿ ಪ್ರಯೋಗವನ್ನು ನೆನೆಯಬೇಕು. ಈಥರಿನ ಮೂಲಕ ಭೂಮಿ ಸಾಗುವ ವೇಗವನ್ನು ಅಳೆಯಲು ಹೊರಟ ಆ ಇಬ್ಬರಿಗೆ ನಿರೀಕ್ಷಿಸಿದ ವ್ಯತ್ಯಾಸ ಸಿಗಲಿಲ್ಲ. ಈಥರನ್ನು ಉಳಿಸಿಕೊಳ್ಳಲು ಹಲವು ಉಪಾಯಗಳು ಹುಟ್ಟಿದವು. ೧೯೦೫ರಲ್ಲಿ ಐನ್‌ಸ್ಟೈನನು ಈಥರಿನ ಅಗತ್ಯವೇ ಇಲ್ಲದ ಹಾದಿಯನ್ನು ತೋರಿಸಿದನು. ಅತಿಸಮಮಿತಿಯ ಕಥೆ ಹಾಗೆಯೇ ಮುಗಿಯಬೇಕೆಂದೇನೂ ಇಲ್ಲ. ೧೯೩೦ರಿಂದ ೧೯೫೬ರ ವರೆಗೆ ಕಾಯಿಸಿದ ನ್ಯೂಟ್ರಿನೊವಿನ ಉದಾಹರಣೆಯೂ ನಮ್ಮ ಮುಂದಿದೆ. ಇವೆರಡರಲ್ಲಿ ಯಾವುದನ್ನು ಇದು ಹೋಲುವುದೆಂಬುದನ್ನು ಡಿಕ್ಕಿಗಳ ಲೆಕ್ಕವೇ ಹೇಳಬೇಕು.

೨೦೨೨ರಲ್ಲಿ ಘರ್ಷಕ ಇನ್ನೂ ಸ್ವಲ್ಪ ಹ��ಚ್ಚಿನ ಶಕ್ತಿಯಿಂದ ತನ್ನ ಮೂರನೆಯ ಅವಧಿಯನ್ನು ಆರಂಭಿಸಿತು. ಯಂತ್ರವನ್ನು ನವೀಕರಿಸಿ ೨೦೩೦ರ ಸುಮಾರಿನಿಂದ ಮುಂದೆ ಹಲವು ವರ್ಷ ನಡೆಸಿ, ೨೦೧೫–೧೮ರ ಸಂಗ್ರಹದ ಸುಮಾರು ೨೦ ಪಟ್ಟು ಡಿಕ್ಕಿಗಳನ್ನು ಕೂಡಿಹಾಕುವ ಯೋಜನೆಯಿದೆ. ಇಂದು ಪ್ರೌಢಶಾಲೆಯಲ್ಲಿ ಸಂವೇಗದ ನಿಯಮವನ್ನು ಕಲಿಯುತ್ತಿರುವವರು ಸಂಶೋಧಕರಾಗುವ ವೇಳೆಗೆ ಆ ದತ್ತಾಂಶ ಅವರ ಕೈಗೆ ಬರುತ್ತದೆ. ಬಾಕಿಯ ಅಂಕಣದಲ್ಲಿ ಹೊಸದೇನಾದರೂ ಉಂಟೆ ಎಂದು ನೋಡುವ ಕೆಲಸ ಅವರದು.